ಆವಿಯ ತೂಕ

1993ರಲ್ಲಿ ಆರ್-134ಎ ಎಂಬ ಹೊಸ ಶೀತಕದ ಸ್ನಿಗ್ಧತೆ, ಅಂದರೆ ಹರಿಯುವಾಗ ಅದು ಒಡ್ಡುವ ಅಡ್ಡಿ, ಎಷ್ಟು ಎಂದು ಯಾರಾದರೂ ಕೇಳಿದ್ದರೆ, ಉತ್ತರ ಹೇಳುವವರ ಕೈಯಲ್ಲಿ ಯಾವ ಲೇಖನವಿದೆ ಎನ್ನುವುದರ ಮೇಲೆ ಅಂಕಿ ಬದಲಾಗುತ್ತಿತ್ತು. ಒಂದು ಪ್ರಯೋಗಾಲಯದ್ದು ಒಂದು ಲೆಕ್ಕ, ಮತ್ತೊಂದರದ್ದು ಮತ್ತೊಂದು. ತಮ್ಮ ಅಳತೆಯಲ್ಲಿ ಶೇಕಡಾ ಒಂದೆರಡಕ್ಕಿಂತ ಹೆಚ್ಚು ಹೆಚ್ಚುಕಡಿಮೆ ಇಲ್ಲ ಎಂದು ಎಲ್ಲರೂ ಬರೆದಿದ್ದರು. ಆದರೆ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ಕೂತರೆ ಕೆಲವು ಕಡೆ ಅಂತರ ಶೇಕಡಾ ಹತ್ತನ್ನೂ ದಾಟುತ್ತಿತ್ತು. ದ್ರವ ಒಂದೇ, ಉಷ್ಣತೆ ಒಂದೇ, ಅಳೆದವರೆಲ್ಲ ನುರಿತವರು. ಹಾಗಿದ್ದೂ ಹೀಗೆ.

ಆ ವರ್ಷ ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಸ್ಕಾಲರ್‌ಶಿಪ್ ಸಿಕ್ಕಿ ಹೋದವಳು. ಮೊದಲ ವಾರವೇ ಪ್ರೊಫೆಸರು ಒಂದು ಗ್ರಾಫ್ ಹಾಳೆ ಕೊಟ್ಟರು. ಅದರ ಮೇಲೆ ಚೌಕ, ತ್ರಿಕೋನ, ಸೊನ್ನೆ. ಒಂದೊಂದು ಗುರುತು ಒಂದೊಂದು ಪ್ರಯೋಗಾಲಯದ್ದು. ತಂಪಿನ ಕಡೆ ಗುರುತುಗಳೆಲ್ಲ ಒತ್ತೊತ್ತಾಗಿದ್ದವು. ಉಷ್ಣತೆ ಏರಿದಂತೆ ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗುತ್ತಿದ್ದವು. ಇವುಗಳಲ್ಲಿ ಯಾವುದನ್ನು ನಂಬಬೇಕು ಎನ್ನುವುದು ಆಮೇಲಿನ ಮಾತು, ಇವು ಬೇರೆಯಾಗಿರುವುದು ಯಾಕೆ ಎಂದು ಮೊದಲು ಕಂಡುಹಿಡಿಯಿರಿ ಎಂದರು. ಆ ಹಾಳೆ ನನ್ನ ಮೇಜಿನ ಎದುರು ಗೋಡೆಯಲ್ಲಿ ನಾಲ್ಕು ವರ್ಷ ಇತ್ತು.

ಆರ್-134ಎಗೆ ಅಷ್ಟೊಂದು ಅವಸರ ಯಾಕಿತ್ತು ಎನ್ನುವುದನ್ನು ಹೇಳಬೇಕು. ಅದಕ್ಕೂ ಮೊದಲು ಫ್ರಿಜ್ಜಿನಲ್ಲಿ, ಕಾರಿನ ಎ.ಸಿ.ಯಲ್ಲಿ ಓಡುತ್ತಿದ್ದದ್ದು ಆರ್-12. 1920ರ ದಶಕದ ಕೊನೆಯಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಕಂಡುಕೊಂಡದ್ದು, ಫ್ರಿಯಾನ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಹಬ್ಬಿದ್ದು. ಉರಿಯುವುದಿಲ್ಲ, ವಿಷವಲ್ಲ, ವಾಸನೆಯಿಲ್ಲ. ಆಗ ಅದು ನಿಜಕ್ಕೂ ವರವೇ; ಅದಕ್ಕಿಂತ ಮೊದಲು ಫ್ರಿಜ್ಜಿನಲ್ಲಿದ್ದ ಅಮೋನಿಯ, ಸಲ್ಫರ್ ಡೈಆಕ್ಸೈಡುಗಳು ಸೋರಿದರೆ ಮನೆಯವರ ಜೀವಕ್ಕೇ ಸಂಚಕಾರ. 1974ರಲ್ಲಿ ಮಾರಿಯೋ ಮೊಲೀನ ಮತ್ತು ಶೆರ್ವುಡ್ ರೋಲ್ಯಾಂಡ್ ಈ ಅನಿಲಗಳು ವಾಯುಮಂಡಲದ ಮೇಲ್ಪದರಕ್ಕೆ ಏರಿ, ಅಲ್ಲಿ ಕ್ಲೋರಿನ್ ಬಿಟ್ಟು, ಓಝೋನನ್ನು ತಿನ್ನುತ್ತವೆ ಎಂದು ತೋರಿಸಿದರು. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷರು ಅಂಟಾರ್ಕ್ಟಿಕಾದ ಮೇಲೆ ಓಝೋನ್ ಕರಗಿರುವುದನ್ನು ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ ಅದಕ್ಕೆ ಸೇರಿದ್ದು 1992ರಲ್ಲಿ. ಮುಂದುವರಿದ ದೇಶಗಳು 1996ರ ಹೊತ್ತಿಗೆ ಆರ್-12ರಂಥ ಸಿ.ಎಫ್.ಸಿ. ಅನಿಲಗಳ ತಯಾರಿಕೆ ನಿಲ್ಲಿಸಬೇಕೆಂದು ತೀರ್ಮಾನವಾಗಿತ್ತು. ಅಂದರೆ, ಅರವತ್ತು ವರ್ಷ ಒಂದು ದ್ರವದ ಮೇಲೆ ನಿಂತಿದ್ದ ಉದ್ಯಮ ಕೆಲವೇ ವರ್ಷಗಳಲ್ಲಿ ಇನ್ನೊಂದಕ್ಕೆ ಕಾಲಿಡಬೇಕಿತ್ತು. ಆ ಇನ್ನೊಂದರಲ್ಲಿ ಕ್ಲೋರಿನ್ ಇರಲಿಲ್ಲ; ಓಝೋನಿಗೆ ಅದರಿಂದ ಕೇಡಿಲ್ಲ. ಆದರೆ ಅದನ್ನು ನೆಚ್ಚಿ ಕಂಪ್ರೆಸರ್ ಕಟ್ಟುವವನಿಗೆ ಬೇಕಾದ ಅಂಕಿಗಳೇ ಇನ್ನೂ ಗಟ್ಟಿಯಾಗಿರಲಿಲ್ಲ.

ಅಂಕಿ ಯಾರಿಗೆ ಬೇಕು ಎಂಬುದನ್ನು ನನಗೆ ಮನದಟ್ಟು ಮಾಡಿಸಿದ್ದು ಇಂಗ್ಲೆಂಡಲ್ಲ, ಮೈಸೂರು. ನನ್ನ ಸೋದರಮಾವನಿಗೆ ಅಲ್ಲಿ ಫ್ರಿಜ್ ರಿಪೇರಿ ಅಂಗಡಿ ಇತ್ತು. ಮೊದಲ ಸಲ ರಜಕ್ಕೆ ಬಂದಾಗ ಅಂಗಡಿಯಲ್ಲಿ ಹೋಗಿ ಕೂತೆ. ಮಾವ ಒಂದು ಹಳೇ ಫ್ರಿಜ್ಜನ್ನು ಹಿಂದುಮುಂದು ತಿರುಗಿಸಿ, ಹಿಂದಿನ ಕಪ್ಪು ಜಾಲರಿಯ ಬುಡದಲ್ಲಿ ಸುರುಳಿ ಸುತ್ತಿದ್ದ ತೆಳ್ಳಗಿನ ತಾಮ್ರದ ನಳಿಗೆಯನ್ನು ತೋರಿಸಿದರು. ಅದೇ ಕ್ಯಾಪಿಲರಿ. ಒಳಗಿನ ತೂತು ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಎರಡು ಮೂರು ಮೀಟರು. ಕಂಪ್ರೆಸರ್ ಒತ್ತಿ ಕಳಿಸಿದ ದ್ರವ ಈ ಸಣ್ಣ ಓಣಿಯಲ್ಲಿ ಹಾದು ಬರುವಾಗ ಒತ್ತಡ ಕಳೆದುಕೊಂಡು, ಆಚೆ ಬದಿಯಲ್ಲಿ ಕುದಿದು, ಪೆಟ್ಟಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ. ವಾಲ್ವಿಲ್ಲ, ತಿರುಪಿಲ್ಲ, ನಳಿಗೆಯ ಉದ್ದವೇ ಯಂತ್ರ.

"ಹೊಸ ಗ್ಯಾಸು ಬರತ್ತಂತಲ್ಲಮ್ಮ, ಅದಕ್ಕೆ ಕ್ಯಾಪಿಲರಿ ಎಷ್ಟುದ್ದ ಹಾಕ್ಬೇಕು?" ಎಂದು ಮಾವ ಕೇಳಿದರು.

"ಸಾಮಾನ್ಯವಾಗಿ ಸ್ವಲ್ಪ ಉದ್ದ ಬೇಕಾಗತ್ತೆ ಮಾವ. ಎಷ್ಟು ಅನ್ನೋದು ಕಂಪ್ರೆಸರ್ ಮಾಡೋರು ಹೇಳ್ಬೇಕು."

"ಅವರಿಗೆ ಯಾರು ಹೇಳ್ತಾರೆ?"

ಮಾವ ಎಸ್.ಎಸ್.ಎಲ್.ಸಿ. ಓದಿದವರು. ಆ ಪ್ರಶ್ನೆ ನನ್ನ ಸಂಶೋಧನೆಯ ಮುನ್ನುಡಿಯಲ್ಲಿ ಇರಬೇಕಾದದ್ದು. ನಳಿಗೆಯ ಮೊದಲ ಭಾಗದಲ್ಲಿ ಶೀತಕ ಇನ್ನೂ ಪೂರ್ತಿ ದ್ರವವಾಗಿಯೇ ಇರುತ್ತದೆ. ಅಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಎನ್ನುವುದರಲ್ಲಿ ಆ ದ್ರವದ ಸ್ನಿಗ್ಧತೆಗೂ ಪಾಲಿದೆ. ಕಂಡೆನ್ಸರಿನಲ್ಲಿ ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ, ಕಂಪ್ರೆಸರಿನ ಎಣ್ಣೆಯೊಡನೆ ಸೇರಿದಾಗ ಬೇರಿಂಗ್ ಮೇಲೆ ಎಷ್ಟು ದಪ್ಪದ ಪದರ ಉಳಿಯುತ್ತದೆ, ಎಲ್ಲ ಲೆಕ್ಕದಲ್ಲೂ ಅದು ಬರುತ್ತದೆ. ಅಂಕಿ ಶೇಕಡಾ ಹತ್ತರಷ್ಟು ತಪ್ಪಿದ್ದರೆ ತಯಾರಕ ಅನುಮಾನಕ್ಕೆ ಯಂತ್ರವನ್ನು ದೊಡ್ಡದು ಮಾಡುತ್ತಾನೆ. ತಾಮ್ರ ಹೆಚ್ಚು, ಕರೆಂಟ್ ಹೆಚ್ಚು, ದುಡ್ಡು ಹೆಚ್ಚು. ಅದೆಲ್ಲ ಕೊನೆಗೆ ಬಂದು ಬೀಳುವುದು ಫ್ರಿಜ್ ಕೊಂಡವರ ಮೇಲೆ.

ನನ್ನ ಉಪಕರಣದ ಹೃದಯವೂ ಒಂದು ಕ್ಯಾಪಿಲರಿಯೇ ಆಗಿತ್ತು. ಮಾವನ ಅಂಗಡಿಯದು ತಾಮ್ರ, ನನ್ನದು ಗಾಜು; ಕೂದಲಿನಷ್ಟು ತೂತು, ನೆಟ್ಟಗೆ ತೂಗುಬಿಟ್ಟದ್ದು. ಮೇಲೊಂದು ಪುಟ್ಟ ಬುರುಡೆ, ಕೆಳಗೊಂದು. ಇಡೀ ಜೋಡಣೆ ಒಂದು ಉಕ್ಕಿನ ಕೊಳವೆಯೊಳಗೆ. ಕೊಳವೆಗೆ ಎದುರುಬದುರು ದಪ್ಪ ಗಾಜಿನ ಕಿಟಕಿ. ಉಕ್ಕು ಏಕೆಂದರೆ ಆರ್-134ಎ ಕುದಿಯುವುದೇ ಸೊನ್ನೆಗಿಂತ 26 ಡಿಗ್ರಿ ಕೆಳಗೆ. 25 ಡಿಗ್ರಿಯಲ್ಲಿ ಅದನ್ನು ದ್ರವವಾಗಿ ಹಿಡಿದಿಡಲು ಸುಮಾರು 6.7 ಬಾರ್ ಒತ್ತಡ, 80 ಡಿಗ್ರಿಯಲ್ಲಿ 26 ಬಾರ್. ಕೊಳವೆಯನ್ನು ಬುಡಮೇಲು ಮಾಡಿದರೆ ದ್ರವ ಮೇಲಿನ ಬುರುಡೆಗೆ ಹೋಗುತ್ತದೆ. ಮತ್ತೆ ನೆಟ್ಟಗೆ ನಿಲ್ಲಿಸಿದರೆ ಕ್ಯಾಪಿಲರಿಯಲ್ಲಿ ಇಳಿಯತೊಡಗುತ್ತದೆ. ಬುರುಡೆಯ ಮೇಲೆ ಕೊರೆದ ಎರಡು ಗೆರೆಗಳ ನಡುವೆ ದ್ರವದ ಅಂಚು ಇಳಿಯಲು ಎಷ್ಟು ಹೊತ್ತು ಬೇಕು ಎಂದು ನೋಡುವುದೇ ಅಳತೆ. ನೋಡುವುದಕ್ಕೊಂದು ಪುಟ್ಟ ದೂರದರ್ಶಕ, ಕೈಯಲ್ಲಿ ಗಡಿಯಾರದ ಗುಂಡಿ.

ಕೇಳುವುದಕ್ಕೆ ಇಷ್ಟು ಸರಳ. ಇದರ ಹಿಂದಿನ ನಿಯಮವನ್ನು ಕಂಡುಕೊಂಡವರಲ್ಲಿ ಒಬ್ಬ, ಪ್ವಾಸೇಯ್, ಪ್ಯಾರಿಸ್ಸಿನ ವೈದ್ಯ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತದೆ ಎಂಬ ಕುತೂಹಲದಿಂದ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ 1840ರ ದಶಕದಲ್ಲಿ ಪ್ರಕಟಿಸಿದ. ಜರ್ಮನಿಯ ಹಾಗೆನ್ 1839ರಲ್ಲೇ ಅದೇ ದಾರಿ ತುಳಿದಿದ್ದ. ಹರಿವು ನಳಿಗೆಯ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸುತ್ತದೆ ಎನ್ನುವುದು ಅವರ ತೀರ್ಮಾನ. ತ್ರಿಜ್ಯ ಅಳೆಯುವಾಗ ಶೇಕಡಾ ಒಂದು ತಪ್ಪಿದರೆ ಸ್ನಿಗ್ಧತೆಯಲ್ಲಿ ಶೇಕಡಾ ನಾಲ್ಕು ತಪ್ಪುತ್ತದೆ. ಆದ್ದರಿಂದ ತ್ರಿಜ್ಯ ಅಳೆಯುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಸ್ನಿಗ್ಧತೆ ಮೊದಲೇ ಗೊತ್ತಿರುವ ದ್ರವವನ್ನು ಹರಿಸಿ ನಳಿಗೆಯ ಸ್ಥಿರಾಂಕ ಕಟ್ಟಿಕೊಳ್ಳುತ್ತಾರೆ. ಗೊತ್ತಿರುವ ದ್ರವದ ಸ್ನಿಗ್ಧತೆ ಗೊತ್ತಾದದ್ದು ಹೇಗೆ ಎಂದು ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ನೀರು. 20 ಡಿಗ್ರಿಯ ನೀರಿನ ಸ್ನಿಗ್ಧತೆಯನ್ನು ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆಯ ಸ್ವಿಂಡೆಲ್ಸ್, ಕೋ, ಗಾಡ್‌ಫ್ರಿ ಎಂಬ ಮೂವರು ವರ್ಷಗಟ್ಟಲೆ ಕೂತು ಅಳೆದು 1952ರಲ್ಲಿ ಪ್ರಕಟಿಸಿದರು. ಜಗತ್ತಿನ ಎಲ್ಲ ಕ್ಯಾಪಿಲರಿಗಳೂ ಬಹುಮಟ್ಟಿಗೆ ಆ ಒಂದು ಲೋಟ ನೀರಿನ ಋಣದಲ್ಲಿವೆ. ಆ ಮೂವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ನನಗೆ ಕಲಿಸಿರಲಿಲ್ಲ ಎಂಬ ಬೇಸರ ಈಗಲೂ ಇದೆ. ನನ್ನ ವಿದ್ಯಾರ್ಥಿಗಳಿಗೆ ಹೇಳದೆ ಬಿಡುವುದಿಲ್ಲ.

ತುಂಬುವ ಕೆಲಸಕ್ಕೆ ಅಳೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮೊದಲು ಕೊಳವೆಯನ್ನು ವ್ಯಾಕ್ಯೂಮ್ ಪಂಪಿಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ಶೀತಕದ ಸಣ್ಣ ಸಿಲಿಂಡರನ್ನು ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಒಳಗಿನದೆಲ್ಲ ಹೆಪ್ಪುಗಟ್ಟುತ್ತದೆ. ಆರ್-134ಎ ಘನವಾಗುವುದು ಸೊನ್ನೆಗಿಂತ 103 ಡಿಗ್ರಿ ಕೆಳಗೆ, ಸಾರಜನಕ ಇರುವುದು 196 ಡಿಗ್ರಿ ಕೆಳಗೆ. ಅದರೊಳಗೆ ಕರಗಿದ್ದ ಗಾಳಿ ಮಾತ್ರ ಹೆಪ್ಪುಗಟ್ಟದೆ ಮೇಲೆ ಉಳಿಯುತ್ತದೆ. ವಾಲ್ವ್ ತೆರೆದು ಆ ಗಾಳಿಯನ್ನು ಪಂಪಿನಿಂದ ಎಳೆದು, ವಾಲ್ವ್ ಮುಚ್ಚಿ, ಕರಗಲು ಬಿಡಬೇಕು. ಕರಗುವಾಗ ಒಳಗೆ ಸಿಕ್ಕಿಬಿದ್ದಿದ್ದ ಇನ್ನಷ್ಟು ಗಾಳಿ ಬಿಡುಗಡೆಯಾಗುತ್ತದೆ. ಮತ್ತೆ ಹೆಪ್ಪುಗಟ್ಟಿಸು, ಮತ್ತೆ ಎಳೆ. ಮೀಟರಿನ ಮುಳ್ಳು ಅಲುಗದ ತನಕ ಇದೇ ಕೆಲಸ. ಸಿಲಿಂಡರಿನ ಕುತ್ತಿಗೆಗೆ ಬೆಳ್ಳಗೆ ಹಿಮ ಕೂತಿರುತ್ತಿತ್ತು. ದಪ್ಪ ಕೈಗವಸು ಹಾಕಿಕೊಂಡು ಸ್ಪ್ಯಾನರ್ ತಿರುಗಿಸುವ ಕಷ್ಟ ಅಂಗೈಗೆ ಇವತ್ತಿಗೂ ನೆನಪಿದೆ. ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರು, ಗಾಜು ಊದುವುದರಲ್ಲಿ ಎತ್ತಿದ ಕೈ, ಒಂದು ಮಾತನ್ನು ತಲೆಗೆ ತುಂಬಿದ್ದರು: ಕೊಳವೆಯನ್ನು ಎಂದೂ ಪೂರ್ತಿ ತುಂಬಬೇಡ. ಬಿಸಿ ಮಾಡಿದಾಗ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಉಕ್ಕನ್ನೂ ಸೀಳುತ್ತದೆ. ಹಾಗಾಗಿ ಮೇಲ್ಗಡೆ ಯಾವಾಗಲೂ ಒಂದಿಷ್ಟು ಜಾಗ ಖಾಲಿ ಬಿಡುತ್ತಿದ್ದೆವು.

ಖಾಲಿ ಎನ್ನುವುದು ಬಾಯಿಮಾತು. ಅಲ್ಲಿ ಇರುತ್ತಿದ್ದದ್ದು ಅದೇ ಶೀತಕದ ಆವಿ, ಮತ್ತು ಆ ಗ್ರಾಫಿನ ಒಗಟಿನ ಒಂದು ದೊಡ್ಡ ತುಂಡು ಅಡಗಿದ್ದದ್ದು ಆ ಆವಿಯಲ್ಲೇ.

ಪಾಠಪುಸ್ತಕದ ಸೂತ್ರದಲ್ಲಿ ದ್ರವವನ್ನು ಕೆಳಗೆ ಎಳೆಯುವುದು ಅದರ ತೂಕ. ದ್ರವದ ಸಾಂದ್ರತೆ, ಗುರುತ್ವ, ಮಟ್ಟದ ವ್ಯತ್ಯಾಸ, ಇಷ್ಟೇ. ನೀರು, ಹೆಕ್ಸೇನ್, ಟಾಲ್ಯೂಯಿನ್‌ಗಳಿಗೆ ಇದು ಸಾಕು, ಏಕೆಂದರೆ ಅವುಗಳ ಮೇಲಿರುವ ಗಾಳಿ ಅಥವಾ ಆವಿ ಲೆಕ್ಕಕ್ಕೆ ಬಾರದಷ್ಟು ಹಗುರ. ಆದರೆ ಮುಚ್ಚಿದ ಕೊಳವೆಯಲ್ಲಿ ಒತ್ತಡದಲ್ಲಿರುವ ಶೀತಕದ ಆವಿ ಹಗುರವಲ್ಲ. ಆರ್-134ಎ 20 ಡಿಗ್ರಿಯಲ್ಲಿದ್ದಾಗ ಒಂದು ಘನ ಮೀಟರ್ ದ್ರವ 1225 ಕಿಲೋ ತೂಗಿದರೆ, ಅದರ ಮೇಲಿನ ಆವಿ 28 ಕಿಲೋ ತೂಗುತ್ತದೆ. ನಾವು ಉಸಿರಾಡುವ ಗಾಳಿಯ ತೂಕ ಅಷ್ಟೇ ಜಾಗಕ್ಕೆ 1.2 ಕಿಲೋ. 60 ಡಿಗ್ರಿಗೆ ಬಂದರೆ ದ್ರವ 1053ಕ್ಕೆ ಇಳಿದು ಆವಿ 87ಕ್ಕೆ ಏರುತ್ತದೆ. 80 ಡಿಗ್ರಿಯಲ್ಲಿ ದ್ರವ 928, ಆವಿ 155. 101 ಡಿಗ್ರಿಯಲ್ಲಿ ಎರಡೂ ಒಂದಾಗಿ, ಯಾವುದು ದ್ರವ ಯಾವುದು ಆವಿ ಎಂದು ಹೇಳಲಾಗದ ಕ್ರಾಂತಿಕ ಬಿಂದು ಬರುತ್ತದೆ. ದ್ರವ ಇಳಿಯುವಾಗ ಅಷ್ಟೇ ಆವಿ ಮೇಲಕ್ಕೆ ಸರಿದು ಜಾಗ ಬಿಡಬೇಕು. ಆ ಆವಿಯ ತೂಕ ದ್ರವವನ್ನು ಕೆಳಗಿನಿಂದ ಎತ್ತಿ ಹಿಡಿದಂತೆ. ಎಳೆಯುವ ಬಲದ ಲೆಕ್ಕದಲ್ಲಿ ದ್ರವದ ಸಾಂದ್ರತೆಯಿಂದ ಆವಿಯದನ್ನು ಕಳೆಯಬೇಕು. 20 ಡಿಗ್ರಿಯಲ್ಲಿ ಹಾಗೆ ಕಳೆಯದಿದ್ದರೆ ತಪ್ಪು ಶೇಕಡಾ ಎರಡಕ್ಕಿಂತ ತುಸು ಹೆಚ್ಚು. 80 ಡಿಗ್ರಿಯಲ್ಲಿ ಬಲದ ಆರನೇ ಒಂದು ಪಾಲೇ ಇಲ್ಲವಾಗಿರುತ್ತದೆ. ಅದನ್ನು ಗಮನಿಸದ ಲೆಕ್ಕದಲ್ಲಿ ಸ್ನಿಗ್ಧತೆ ಶೇಕಡಾ ಇಪ್ಪತ್ತರಷ್ಟು ಜಾಸ್ತಿ ಬರುತ್ತದೆ.

ನಾನು ಹಳೆಯ ಲೇಖನಗಳನ್ನು ಒಂದೊಂದಾಗಿ ತೆಗೆದು, ಯಾರು ಯಾವ ಸೂತ್ರ ಬಳಸಿದ್ದಾರೆ ಎಂದು ನೋಡುತ್ತಾ ಹೋದೆ. ಕೆಲವರು ಆವಿಯನ್ನು ಕಳೆದಿದ್ದರು. ಕೆಲವರು ಕಳೆದಿದ್ದಾರೋ ಇಲ್ಲವೋ ಎಂಬುದನ್ನೇ ಬರೆದಿರಲಿಲ್ಲ. ಪ್ರಕಟವಾದ ಅಂಕಿಗೆ ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಅಳತೆ ತಪ್ಪಾಗಿದ್ದರೂ ಹೇಗೆ ಅಳೆದೆ ಎಂದು ಪೂರ್ತಿ ಬರೆದವರ ಅಂಕಿಯನ್ನು ಇಪ್ಪತ್ತು ವರ್ಷದ ಮೇಲೂ ಸರಿಪಡಿಸಿಕೊಳ್ಳಬಹುದು. ಬರೆಯದವರದ್ದನ್ನು ಸುಮ್ಮನೆ ಬದಿಗಿಡಬೇಕಾಗುತ್ತದೆ. ಆವಿ ಕಳೆಯದೆ ಬಿಟ್ಟದ್ದು ಖಚಿತವಾಗಿದ್ದ ಅಂಕಿಗಳಿಗೆ ಕಳೆದು ನೋಡಿದೆ. ಬೀಸಣಿಗೆಯ ಆ ಕಡ್ಡಿಗಳು ಮಡಚಿಕೊಂಡು ಉಳಿದವುಗಳ ಹತ್ತಿರಕ್ಕೆ ಬಂದವು. ಅಂದು ಸಂಜೆ ಪ್ರೊಫೆಸರು ಹೊಸ ಗ್ರಾಫನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲವೂ ಬಂದಿಲ್ಲವಲ್ಲ ಎಂದರು. ಹೌದು, ಎಲ್ಲವೂ ಬಂದಿರಲಿಲ್ಲ.

ಉಳಿದವುಗಳ ಕಾರಣಗಳು ಒಂದೊಂದೂ ಬೇರೆ. ಉಪಕರಣ ಚಿಕ್ಕದಾಗಲಿ ಎಂದು ಕ್ಯಾಪಿಲರಿಯನ್ನು ಸುರುಳಿ ಸುತ್ತಿದವರಿದ್ದರು. ಬಾಗಿದ ನಳಿಗೆಯಲ್ಲಿ ದ್ರವ ನೆಟ್ಟಗೆ ಹೋಗದೆ ಪಕ್ಕಕ್ಕೂ ಸುಳಿಯುತ್ತದೆ, ಅಡ್ಡಿ ಹೆಚ್ಚುತ್ತದೆ. 1920ರ ದಶಕದಲ್ಲೇ ಡೀನ್ ಎಂಬ ಗಣಿತಜ್ಞ ಇದನ್ನು ಬಿಡಿಸಿದ್ದ. ಶೀತಕಗಳ ಸ್ನಿಗ್ಧತೆ ತೀರಾ ಕಡಿಮೆಯಾದ್ದರಿಂದ, 25 ಡಿಗ್ರಿಯಲ್ಲಿ ಆರ್-134ಎದು ಸುಮಾರು 195 ಮೈಕ್ರೊಪ್ಯಾಸ್ಕಲ್ ಸೆಕೆಂಡ್, ನೀರಿನ ನಾಲ್ಕನೇ ಒಂದು ಭಾಗಕ್ಕೂ ಕಡಿಮೆ, ಅವು ಬಲು ಬೇಗ ಹರಿದು ಈ ಸುಳಿಯನ್ನು ಇನ್ನಷ್ಟು ಜೋರು ಮಾಡುತ್ತವೆ. ಉಷ್ಣತೆ ಒಂದು ಡಿಗ್ರಿ ಆಚೀಚೆಯಾದರೆ ಸ್ನಿಗ್ಧತೆ ಶೇಕಡಾ ಒಂದಕ್ಕೂ ಹೆಚ್ಚು ಬದಲಾಗುತ್ತದೆ. ಕೊಳವೆಯನ್ನು ಮುಳುಗಿಸಿಟ್ಟ ತೊಟ್ಟಿಯ ನೀರಿನ ಉಷ್ಣತೆಯನ್ನು ಹಿಡಿದಿಡುವುದೇ ಒಂದು ಸಾಧನೆ. ಮಾದರಿಯ ಶುದ್ಧತೆಯ ಪ್ರಶ್ನೆ ಇನ್ನೊಂದು. ಇದು ಧ್ರುವೀಯ ದ್ರವ, ತೇವವನ್ನೂ ಸೀಲಿನ ರಬ್ಬರಿನಲ್ಲಿರುವುದನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ.

ಕ್ಯಾಪಿಲರಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದವರೂ ಇದ್ದರು. ಆಂದೋಲಿಸುವ ತಟ್ಟೆಯದು ಹಳೆಯ ವಿಧಾನ. ತಂತಿಯಲ್ಲಿ ತೂಗುಬಿಟ್ಟ ತಟ್ಟೆಯನ್ನು ತಿರುಚಿ ಬಿಟ್ಟರೆ ಸುತ್ತಲಿನ ಅನಿಲ ಅದನ್ನು ನಿಧಾನವಾಗಿ ನಿಲ್ಲಿಸುತ್ತದೆ. ನಿಲ್ಲುವ ರೀತಿಯಿಂದ ಸ್ನಿಗ್ಧತೆ ಗೊತ್ತಾಗುತ್ತದೆ. 1860ರ ದಶಕದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ತನ್ನ ಮನೆಯ ಅಟ್ಟದಲ್ಲೇ ಈ ಪ್ರಯೋಗ ನಡೆಸಿದ್ದ. ಕೋಣೆಯ ಉಷ್ಣತೆ ಏರಿಳಿಯದಂತೆ ಒಲೆಗೆ ಬೆಂಕಿ ಹಾಕುತ್ತ ನೋಡಿಕೊಂಡವಳು ಹೆಂಡತಿ ಕ್ಯಾಥರೀನ್. ಅನಿಲದ ಒತ್ತಡ ಸಾಕಷ್ಟು ಇಳಿಸಿದರೂ ಸ್ನಿಗ್ಧತೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ ಎಂಬ, ಸುಲಭಕ್ಕೆ ನಂಬಲಾಗದ ಸತ್ಯ ಅವರಿಬ್ಬರ ಆ ಬಿಸಿ ಕೋಣೆಯಲ್ಲಿ ಖಚಿತವಾಯಿತು. ತೊಟ್ಟಿಯ ಪಕ್ಕ ರಾತ್ರಿ ಕೂತು ಉಷ್ಣಮಾಪಕ ನೋಡುವಾಗ ನನಗೆ ಕ್ಯಾಥರೀನ್ ನೆನಪಾಗುತ್ತಿದ್ದಳು. ನನ್ನ ಕಾಲಕ್ಕೆ ಬಂದ ಹೊಸ ವಿಧಾನ ಕಂಪಿಸುವ ತಂತಿಯದು: ಕಾಂತಗಳ ನಡುವೆ ಬಿಗಿದ ಸಣ್ಣ ಟಂಗ್‌ಸ್ಟನ್ ತಂತಿಗೆ ವಿದ್ಯುತ್ತಿನ ಒಂದು ತಟ್ಟು ಕೊಟ್ಟು, ಅದರ ಕಂಪನ ದ್ರವದಲ್ಲಿ ಹೇಗೆ ಅಡಗುತ್ತದೆ ಎಂದು ನೋಡುವುದು. ಅದರಲ್ಲಿ ಏನೂ ಕೆಳಗಿಳಿಯುವುದಿಲ್ಲ. ಹಾಗಾಗಿ ಆವಿಯ ತೂಕದ ತಕರಾರೂ ಇಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ವಿಲಿಯಂ ವೇಕಮ್, ಗ್ರೀಸಿನ ಥೆಸಲೋನಿಕಿಯಲ್ಲಿ ಮಾರ್ಕ್ ಅಸಾಯೆಲ್ ಇವರ ಗುಂಪುಗಳು ಇದರಲ್ಲಿ ಪಳಗಿದವು.

ವಿಧಾನ ಬೇರೆ, ಮಾದರಿ ಬೇರೆ, ಕೈ ಬೇರೆ. ಇಷ್ಟರಲ್ಲಿ ತಪ್ಪು ಯಾವುದರದ್ದು ಎಂದು ಬಿಡಿಸುವುದು ಹೇಗೆ? ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ಒಂದು ಉಪಸಮಿತಿ ಇದಕ್ಕೊಂದು ದಾರಿ ಹುಡುಕಿತು. ಒಂದೇ ತಯಾರಿಕೆಯ, ಒಂದೇ ಶುದ್ಧತೆಯ ಆರ್-134ಎಯನ್ನು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಹಂಚಿ, ಎಲ್ಲರೂ ತಮ್ಮ ತಮ್ಮ ಉಪಕರಣದಲ್ಲಿ ಅಳೆಯಬೇಕು ಎಂದು. ಗ್ರೀಸು, ಜಪಾನು, ಪೋರ್ಚುಗಲ್, ಅಮೆರಿಕ, ಸ್ವೀಡನ್, ಜರ್ಮನಿ, ಬ್ರಿಟನ್ನು, ಇಷ್ಟು ಕಡೆಯವರ ಹೆಸರಿನಲ್ಲಿ 1995ರಲ್ಲಿ ವರದಿ ಬಂತು. ನಮ್ಮ ಪ್ರಯೋಗಾಲಯ ಆ ತಂಡದಲ್ಲಿರಲಿಲ್ಲ. ಆದರೂ ಆ ವರದಿಯ ಪ್ರತಿಯನ್ನು ಹಬ್ಬದೂಟಕ್ಕೆ ಕಾದವಳ ಹಾಗೆ ಕಾದು ಓದಿದ್ದೆ. ಮಾದರಿಯ ನೆಪ ಇನ್ನು ಯಾರಿಗೂ ಉಳಿದಿರಲಿಲ್ಲ. ಉಳಿದದ್ದೆಲ್ಲ ಉಪಕರಣದ್ದು, ಲೆಕ್ಕದ್ದು.

ಅದರ ಹಿಂದಿನ ವರ್ಷ, 1994ರ ಜೂನಿನಲ್ಲಿ, ಅಮೆರಿಕದ ಬೋಲ್ಡರಿನಲ್ಲಿ ಉಷ್ಣಭೌತಿಕ ಗುಣಗಳ ಸಮ್ಮೇಳನ ನಡೆದಾಗ ಪ್ರೊಫೆಸರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಶೀತಕಗಳ ಗೋಷ್ಠಿ ಎಂದರೆ ಬಾಗಿಲ ತನಕ ಜನ. ಲೇಖನಗಳಲ್ಲಿ ಒಬ್ಬರ ಅಂಕಿಯನ್ನೊಬ್ಬರು ಒಪ್ಪದವರು ಕಾಫಿಯ ಹೊತ್ತಿಗೆ ಒಂದೇ ಮೇಜಿನ ಸುತ್ತ ನಿಂತು, ಕರವಸ್ತ್ರದ ಕಾಗದದ ಮೇಲೆ ತಮ್ಮ ಉಪಕರಣದ ಚಿತ್ರ ಬರೆದು ತೋರಿಸುತ್ತಿದ್ದರು. ಯಾವ ಸೀಲು ಹಾಕಿದ್ದೀರಿ, ತುಂಬುವ ಮುಂಚೆ ಎಷ್ಟು ಹೊತ್ತು ಪಂಪು ಓಡಿಸಿದಿರಿ, ಗೆರೆಯನ್ನು ಕಣ್ಣಿನಿಂದ ನೋಡಿದಿರೋ ಬೆಳಕಿನ ಕಿರಣದಿಂದಲೋ. ದೊಡ್ಡ ಹೆಸರಿನವರು ಇಷ್ಟು ಸಣ್ಣ ಸಂಗತಿಗಳನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುವುದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ವಿಜ್ಞಾನದ ಮೇಲೆ ನನಗಿರುವ ಗೌರವದ ಬಹುಪಾಲು ಆ ಮೇಜಿನ ಬಳಿ ಹುಟ್ಟಿದ್ದು.

1995ರ ಅಕ್ಟೋಬರಿನಲ್ಲಿ ಮೊಲೀನ, ರೋಲ್ಯಾಂಡ್ ಮತ್ತು ಪಾಲ್ ಕ್ರುಟ್ಸನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಸುದ್ದಿ ಬಂದ ದಿನ ಪ್ರಯೋಗಾಲಯದಲ್ಲಿ ಎಲ್ಲರೂ ಒಟ್ಟಿಗೆ ಚಹಾ ಕುಡಿದೆವು. ಆದರೆ ಆ ಹೊತ್ತಿಗೇ ನಮಗೆ ತಿಳಿದಿದ್ದ ಇನ್ನೊಂದು ಸಂಗತಿಯಿತ್ತು. ಆರ್-134ಎ ಓಝೋನಿಗೆ ಒಳ್ಳೆಯದು, ಹವಾಮಾನಕ್ಕಲ್ಲ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಸುಮಾರು 1300 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಆರ್-12ರದು ಹತ್ತು ಸಾವಿರದ ಆಸುಪಾಸು. ಅದಕ್ಕೆ ಹೋಲಿಸಿದರೆ ಎಷ್ಟೋ ವಾಸಿ, ಆದರೆ ಸಾಲದು. 1997ರ ಕ್ಯೋಟೋ ಒಪ್ಪಂದದ ಅನಿಲಗಳ ಪಟ್ಟಿಯಲ್ಲಿ ಅದರ ವರ್ಗ ಸೇರಿತು. 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೇ ತಿದ್ದುಪಡಿ ತಂದು ಅದನ್ನೂ ಹಂತಹಂತವಾಗಿ ಇಳಿಸಲು ಒಪ್ಪಿದರು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ನಾನು ಯೌವನದ ನಾಲ್ಕು ವರ್ಷ ಕೊಟ್ಟ ದ್ರವ ಹೀಗೆ ಮನೆಯ ಫ್ರಿಜ್ಜಿನಿಂದ, ಕಾರಿನಿಂದ ಒಂದೊಂದಾಗಿ ಹೊರಗೆ ಹೋಗುತ್ತಿದೆ. ನನಗೆ ಅದರಿಂದ ಸಂತೋಷವೇ. ಕಡಿಮೆ ಕೇಡಿನದು ಬಂದು ಹೆಚ್ಚು ಕೇಡಿನದು ಹೋಗಲಿ ಎಂದೇ ತಾನೆ ನಾವೆಲ್ಲ ಆ ತೊಟ್ಟಿಯ ಮುಂದೆ ಕೂತದ್ದು.

ಆ ಅಂಕಿಗಳೂ ವ್ಯರ್ಥವಾಗಲಿಲ್ಲ. 2003ರಲ್ಲಿ ಬೋಲ್ಡರಿನ ಹ್ಯೂಬರ್, ಲೇಸೆಕೆ, ಪರ್ಕಿನ್ಸ್ ಆರ್-134ಎದ ಎಲ್ಲ ನಂಬಲರ್ಹ ಅಳತೆಗಳನ್ನು ಜರಡಿ ಹಿಡಿದು ಒಂದು ಸಮೀಕರಣ ಕಟ್ಟಿದರು. ಬೇರೆ ಶೀತಕಗಳ ಸ್ನಿಗ್ಧತೆಯನ್ನು ಅಂದಾಜು ಮಾಡಲು ಅವರು ಇದೇ ದ್ರವವನ್ನು ಆಧಾರವಾಗಿ ಇಟ್ಟುಕೊಂಡರು. ಇಂದು ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಎ.ಸಿ. ವಿನ್ಯಾಸ ಮಾಡುವ ಹುಡುಗಿ ಸಾಫ್ಟ್‌ವೇರಿನಲ್ಲಿ ಒಂದು ಕೀಲಿ ಒತ್ತಿದಾಗ ಬರುವ ಅಂಕಿಯ ಬುಡದಲ್ಲಿ ಆ ಹೆಪ್ಪುಗಟ್ಟಿಸಿ ಕರಗಿಸಿದ ರಾತ್ರಿಗಳಿವೆ.

ನಾನು ಊರಿಗೆ ಮರಳಿದ ಹೊತ್ತಿಗೆ ಮಾವನ ಅಂಗಡಿಗೂ ಹೊಸ ಗ್ಯಾಸು ಬಂದಿತ್ತು. ಅವರ ತಲೆನೋವು ಈಗ ಕ್ಯಾಪಿಲರಿಯ ಉದ್ದವಾಗಿರಲಿಲ್ಲ, ಎಣ್ಣೆಯಾಗಿತ್ತು. ಆರ್-12ರ ಜೊತೆ ಓಡುತ್ತಿದ್ದ ಖನಿಜ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ. ಅದಕ್ಕೆ ಪಾಲಿಯೋಲ್ ಎಸ್ಟರ್ ವರ್ಗದ ಬೇರೆ ಎಣ್ಣೆ ಬೇಕು, ಆ ಎಣ್ಣೆ ಡಬ್ಬಿ ತೆರೆದಿಟ್ಟರೆ ಗಾಳಿಯ ತೇವ ಕುಡಿಯುತ್ತದೆ. ತೇವ ಹೋಗಿ ಕ್ಯಾಪಿಲರಿಯ ಬಾಯಲ್ಲಿ ಐಸಾಗಿ ಕೂತರೆ ಫ್ರಿಜ್ಜು ಚೋಕ್. "ಮಳೆಗಾಲದಲ್ಲಿ ಈ ಎಣ್ಣೆ ಡಬ್ಬಿ ತೆಗೆಯೋಕೇ ಭಯ ಆಗತ್ತಮ್ಮ" ಎನ್ನುತ್ತಿದ್ದರು. ಹಳೆಯ ಹಾಗೆ ಒಂದಿಷ್ಟು ಹೊತ್ತು ಪಂಪು ಓಡಿಸಿ ಗ್ಯಾಸ್ ತುಂಬಿಸಿ ಕಳಿಸುವ ಕಾಲ ಮುಗಿದಿತ್ತು. ನಾನು ಇಂಗ್ಲೆಂಡಿನಲ್ಲಿ ಕೊಳವೆಗೆ ಮಾಡುತ್ತಿದ್ದ ಉಪಚಾರವನ್ನೇ ಮಾವ ಈಗ ಪ್ರತಿ ಫ್ರಿಜ್ಜಿಗೂ ಮಾಡಬೇಕಿತ್ತು, ಬಾಡಿಗೆಯ ವ್ಯಾಕ್ಯೂಮ್ ಪಂಪಿನಲ್ಲಿ, ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡುವಾಗ. ಜಾಗತಿಕ ಒಪ್ಪಂದಗಳ ಭಾರ ಕೊನೆಗೆ ಹೊತ್ತವರಲ್ಲಿ ಇಂಥ ಮೆಕ್ಯಾನಿಕ್‌ಗಳೂ ಇದ್ದಾರೆ. ಅವರಿಗೆ ಸಿಗಬೇಕಾದಷ್ಟು ತರಬೇತಿಯೂ ಮರ್ಯಾದೆಯೂ ಸಿಕ್ಕಿಲ್ಲ ಎಂದು ನಾನು ಇಂದಿಗೂ ಎಲ್ಲ ಸಭೆಗಳಲ್ಲೂ ಹೇಳುತ್ತೇನೆ.

ಈಗ ಮಾವನ ಮಗ ಅಂಗಡಿ ನೋಡಿಕೊಳ್ಳುತ್ತಾನೆ. ಬರುವ ಫ್ರಿಜ್ಜುಗಳಲ್ಲಿ ಹೆಚ್ಚಿನವು ಐಸೋಬ್ಯೂಟೇನಿನವು, ಆರ್-600ಎ. ಹಗುರ ದ್ರವ, ಸಾಂದ್ರತೆ ಆರ್-134ಎದರ ಅರ್ಧಕ್ಕೂ ಕಡಿಮೆ; ಒಂದು ಫ್ರಿಜ್ಜಿಗೆ ಹತ್ತಾರು ಗ್ರಾಂ ಸಾಕು. ಹವಾಮಾನಕ್ಕೆ ಅದರಿಂದ ಹೆಚ್ಚು ಬಾಧೆಯಿಲ್ಲ. ಉರಿಯುತ್ತದೆ ಎನ್ನುವುದೊಂದೇ ಭಯ. ಬ್ರೇಜಿಂಗ್ ಮಾಡುವ ಮುಂಚೆ ಕಿಟಕಿ ತೆರೆದು, ಗ್ಯಾಸೆಲ್ಲ ಹೊರಗೆ ಹೋಗಿದೆಯೇ ಎಂದು ನೋಡಿಕೊಳ್ಳುವುದನ್ನು ಅವನು ಕಟ್ಟುನಿಟ್ಟಾಗಿ ಪಾಲಿಸುತ್ತಾನೆ. ಎ.ಸಿ.ಗಳಲ್ಲಿ ಪ್ರೊಪೇನ್ ಬರುತ್ತಿದೆ, ಕಾರುಗಳಲ್ಲಿ ಆರ್-1234ವೈಎಫ್. ಒಂದರ ಜೊತೆ ಒಂದು ಬೆರೆಸಿದ ಮಿಶ್ರಣಗಳಂತೂ ಲೆಕ್ಕವಿಲ್ಲ. ಮಿಶ್ರಣದಲ್ಲಿ ಆವಿಯ ಹದವೇ ಬೇರೆ, ದ್ರವದ ಹದವೇ ಬೇರೆ. ಎರಡು ಹದಗಳನ್ನೂ ತಿಳಿದುಕೊಂಡ ಮೇಲೆಯೇ ಆವಿಯ ತೂಕ ಕಳೆಯಲು ಸಾಧ್ಯ.

ಹೋದ ತಿಂಗಳು ಅವನು ಕೇಳಿದ ಪ್ರಶ್ನೆ ನನ್ನನ್ನು ಮತ್ತೆ ಕೆಲಸಕ್ಕೆ ಹಚ್ಚಿದೆ. ಪ್ರೊಪೇನ್ ಎಣ್ಣೆಯಲ್ಲಿ ತುಂಬ ಕರಗುತ್ತದಂತೆ, ಬೇಸಿಗೆಯಲ್ಲಿ ಎ.ಸಿ. ನಿಲ್ಲಿಸಿ ಮತ್ತೆ ಹಾಕಿದಾಗ ಕಂಪ್ರೆಸರಿನಲ್ಲಿ ಎಣ್ಣೆ ನೀರಾಗಿರುತ್ತದಾ ಅಕ್ಕ, ಬೇರಿಂಗ್ ಸವೆಯೋದು ಅದಕ್ಕೇನಾ ಎಂದು. 25 ಡಿಗ್ರಿಯ ಪ್ರೊಪೇನ್ ದ್ರವದ ಸ್ನಿಗ್ಧತೆ ಸುಮಾರು ನೂರು ಮೈಕ್ರೊಪ್ಯಾಸ್ಕಲ್ ಸೆಕೆಂಡ್, ಎಣ್ಣೆಯದು ಅದರ ನೂರಾರು ಪಟ್ಟು. ಎಣ್ಣೆಗೆ ಶೇಕಡಾ ಹತ್ತಿಪ್ಪತ್ತು ಪ್ರೊಪೇನ್ ಸೇರಿದರೆ ಏನಾಗುತ್ತದೆ ಎನ್ನುವುದನ್ನು ಒತ್ತಡ, ಉಷ್ಣತೆ ಎರಡನ್ನೂ ಬದಲಿಸುತ್ತಾ ಅಳೆಯಬೇಕು, ಅದೂ ಈ ಊರಿನ ಬೇಸಿಗೆಯ ಉಷ್ಣತೆಗಳಲ್ಲಿ. ಇಲ್ಲಿನ ನಮ್ಮ ಪ್ರಯೋಗಾಲಯದ ಇಬ್ಬರು ಹುಡುಗರು ಕಂಪಿಸುವ ತಂತಿಯ ಹೊಸ ಕೊಳವೆ ಸಿದ್ಧ ಮಾಡುತ್ತಿದ್ದಾರೆ. ಪಂಪು ಹಚ್ಚಿಟ್ಟು ಮನೆಗೆ ಹೋಗಿ, ಬೆಳಗ್ಗೆ ಬಂದು ಮುಳ್ಳು ನೋಡಿ ಎಂದಿದ್ದೇನೆ.